ಆಕ್ಟೇವಿಯಾ ಆರ್‌ಎಸ್ 1.8 ಟರ್ಬೊ ಹೆಡ್ ಮನ್ಯಾಗ ಕೂಡ್ಸೂದು: ಸ್ಟೇಜ್ 1 ಈಗ ಹಾಕೂದೋ, ಆಮ್ಯಾಲೋ?

ಉಣಕಲ್_ಟರ್ಬೊ

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ ಆಕ್ಟೇವಿಯಾ ಆರ್‌ಎಸ್, 1.8 ಲೀಟರ್ 20 ವಾಲ್ವ್ ಟರ್ಬೊ ಪೆಟ್ರೋಲ್, 5 ಗೇರ್ ಮ್ಯಾನ್ಯುಯಲ್, ಕೆಎ 25 ಪಾಸಿಂಗ್. ಕೂಲಂಟ್ ಕಡಿಮಿ ಇದ್ದಾಗ ಓಡಿಸಿ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಹೋಗೇದ. 2 ಮತ್ತು 3ನೇ ಸಿಲಿಂಡರ್ ನಡುವ ಗ್ಯಾಸ್ಕೆಟ್ ಸುಟ್ಟದ್ದು ಕಣ್ಣಿಗೇ ಕಾಣತದ. ಹೆಡ್, ಟರ್ಬೊ, ಎರಡೂ ಮ್ಯಾನಿಫೋಲ್ಡ್ ಬಿಚ್ಚಿ ಹಲಗಿ ಮ್ಯಾಲೆ ಇಟ್ಟೇನಿ. ಬ್ಲಾಕ್ ಗಾಡ್ಯಾಗ ಅದ. ನಾಲ್ಕೂ ಬೋರಿನ ಗೋಡಿ ಮ್ಯಾಲೆ ಹೋನಿಂಗ್ ಗೆರಿ ಇನ್ನೂ ಅದಾವ, ಉಗುರಿಗೆ ಸಿಗೂವಂಥ ಗೀರು ಇಲ್ಲ.

ಕೇಳೂದು ಇಷ್ಟ. ಹೆಡ್ ಫೇಸಿಂಗ್ (ಮಶೀನ್‌ಲೆ ಕೆರದು ಸಪಾಟ ಮಾಡೂದು) ಮಾಡಿಸ್ಲೇಬೇಕೇನು? ಹೆಡ್ ಬೋಲ್ಟ್ ನೋಡಾಕ ಛಲೋ ಅದಾವ, ಹಳೇವನ್ನ ತೊಳದು ಹಾಕಿದ್ರ ನಡೀತದ ಅಂತಾರ, ಖರೇನ ನಡೀತದೇನು? ಗಾಡಿ ಮುಂಭಾಗದ ಇಂಟರ್‌ಕೂಲರ್ (ಟರ್ಬೊ ಗಾಳಿ ತಣ್ಣಗ ಮಾಡೂದು) ಕಿಟ್, 3 ಇಂಚಿನ ಡೌನ್‌ಪೈಪ್ (ಟರ್ಬೊದಿಂದ ಹೊಗಿ ಒಯ್ಯೂ ಪೈಪ್), ಸ್ಟೇಜ್ 1 ಮ್ಯಾಪ್ (ಬೂಸ್ಟ್, ಅಂದ್ರ ಟರ್ಬೊ ಒತ್ತಡ ಏರಿಸಾಕ ಎಂಜಿನ್ ಕಂಪ್ಯೂಟರಿಗೆ ಅಂದ್ರ ಇಸಿಯುಗೆ ಬರಿಯೂ ಪ್ರೋಗ್ರಾಂ) ಎಲ್ಲಾ ಹಾಕೂದು ಅದ. ಹೆಂಗೂ ಬಿಚ್ಚೇದ, ಒಂದ ಸಲಕ್ಕ ಎಲ್ಲಾ ಕೂಡಿಸಿಬಿಡ್ಲೇನು? ಫೋರ್ಜ್ಡ್ ಕನೆಕ್ಟಿಂಗ್ ರಾಡ್ ಸೈತ ಈಗ ಹಾಕೂದು ಶಾಣೇತನ ಏನು? ಜಾಗಾ ಅಂದ್ರ ಮನಿ ಕೆಳಗಿನ ಪಾರ್ಕಿಂಗ್, ಟೈಲ್ಸ್ ನೆಲ, ಬಾಜೂಕ ಖುಲ್ಲಾ ಎರಿ ಸೈಟು.

ಗೋಕುಲರೋಡ್_ಲೇತ್

ಹೆಡ್‌ನಿಂದ ಸುರು ಮಾಡೋಣ್ರಿ, ಉಳಿದದ್ದೆಲ್ಲಾ ಅದರ ಮ್ಯಾಲೆ ಕೂಡೂದು.

ಕಾದ ಅಲ್ಯುಮಿನಿಯಂ ಹೆಡ್ ಕಣ್ಣಿಗೆ ಸಪಾಟ ಕಂಡ್ರೂ ನಂಬಬ್ಯಾಡ್ರಿ. ಮಶೀನ್ ಮಾಡಿದ ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡ್ರಿ: ಉದ್ದಕ್ಕ ಎರಡು ಕಡೆ, ಅಡ್ಡ ಮೂರು ಕಡೆ, ಮೂಲಿಯಿಂದ ಮೂಲಿಗೆ ಎರಡು. 0.1 ಮಿಮೀ ಗೇಜ್ ಎಲ್ಲ್ಯಾದ್ರೂ ಒಳಗ ಹೋದ್ರ ಫೇಸಿಂಗ್ ಬೇಕು. ಹೋಗಲಿಲ್ಲಂದ್ರ ಬ್ಯಾಡ, ಸುಮ್ಮನ ಲೋಹ ತಗಸಬ್ಯಾಡ್ರಿ. ಈ ಎಂಜಿನ್ ಇಂಟರ್‌ಫಿಯರೆನ್ಸ್ ಜಾತಿದು, ಟೈಮಿಂಗ್ ತಪ್ಪಿದ್ರ ವಾಲ್ವ್ ಪಿಸ್ಟನ್ನಿಗೆ ಬಡಿಯೂವಂಥದು. ಹೆಡ್ ತೆಳ್ಳಗಾದಷ್ಟೂ ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಜಾಗಾ ಕಡಿಮಿ ಆಗತದ, ಕಂಪ್ರೆಷನ್ನೂ ಏರತದ. ಬೂಸ್ಟ್ ಏರಿಸೂ ಗಾಡಿಗೆ ಆ ಎರಡೂ ಬ್ಯಾಡ. ಹಿಂದ ಒಮ್ಮೆ ಫೇಸಿಂಗ್ ಆಗಿದ್ದ ಹೆಡ್ ಆಗಿದ್ರ ಒಟ್ಟು ಎತ್ತರ ಅಳದು, ಮ್ಯಾನ್ಯುಯಲ್‌ನ್ಯಾಗಿನ ಕನಿಷ್ಠ ಎತ್ತರದ ಜೋಡಿ ಹೋಲಿಸಿದ ಮ್ಯಾಲೇನ ಕಟರ್ ಹಚ್ಚಸ್ರಿ.

ಫೇಸಿಂಗ್‌ಗಿಂತ ಮೊದಲ ಪ್ರೆಶರ್ ಟೆಸ್ಟ್ ಮಾಡಸ್ರಿ. ಕೂಲಂಟ್ ದಾರಿ ಎಲ್ಲಾ ಪ್ಲೇಟ್ ಹಚ್ಚಿ ಮುಚ್ಚಿ, ಬಿಸಿ ನೀರಾಗ ಮುಳುಗಿಸಿ ಗಾಳಿ ಕೊಡಬೇಕು. ತಣ್ಣೀರಾಗ ಸುಮ್ಮನ ಇರೂ ಬಿರುಕು ಬಿಸಿ ಆದ ಮ್ಯಾಲೆ ಬಾಯಿ ಬಿಡತದ. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ ಯಾವ ಹೆಡ್ ಅಂಗಡಿಗೆ ಹೋದ್ರೂ "ಬಿಸಿ ನೀರಿನ ಟೆಸ್ಟ್" ಅಂತ ಬಾಯಿಬಿಟ್ಟು ಹೇಳ್ರಿ. ಹೇಳದಿದ್ರ ಫೇಸಿಂಗ್ ಮಾಡಿ ಕೈಗೆ ಕೊಡತಾರ. ವಾಲ್ವ್ ಕುಂತದ್ದು ನೋಡಾಕ ಹೆಡ್ ಬೋರಲು ಹಾಕಿ ಪೋರ್ಟಿನ್ಯಾಗ ಚಿಮಣಿ ಎಣ್ಣಿ ತುಂಬ್ರಿ. ಹತ್ತು ನಿಮಿಷದಾಗ ಯಾವ ವಾಲ್ವಿನ ಸುತ್ತ ಒದ್ದಿ ಆಗತದೋ ಅದನ್ನ ಲ್ಯಾಪಿಂಗ್‌ಗೆ ತಗೀರಿ. ಸಿಲಿಂಡರಿಗೆ 3 ಇನ್‌ಟೇಕ್, 2 ಎಕ್ಸಾಸ್ಟ್, ಒಟ್ಟು 20. ಒಂದೂ ಬಿಡಬ್ಯಾಡ್ರಿ.

ಬ್ಲಾಕಿನ ಮೇಲ್ಮೈ ಬಗ್ಗೆ ಒಂದು ಮಾತು. ಗ್ರೈಂಡರಿಗೆ ಹಚ್ಚೂ ಉರುಟು ಪ್ಯಾಡಿನ ಡಿಸ್ಕ್‌ಲೆ ಹಳೆ ಗ್ಯಾಸ್ಕೆಟ್ ಕೆರಿಯೂದು ಬಾಳ ಮಂದಿ ಚಟಾ. ಆ ಪ್ಯಾಡಿನ್ಯಾಗ ಅಲ್ಯುಮಿನಿಯಂ ಆಕ್ಸೈಡ್ ಪುಡಿ ಇರತದ. ಅದು ಎಣ್ಣಿ ದಾರಿಯಾಗ ಇಳದು ಬೇರಿಂಗಿನ ಮೆತ್ತನ್ನ ಪದರಿನ್ಯಾಗ ಸಿಗಬಿದ್ದು ಕ್ರ್ಯಾಂಕ್ ಉಜ್ಜತದ. ಎಂಜಿನ್ ಸುರು ಆಗತದ, ಕೆಲವು ನೂರು ಕಿಲೋಮೀಟರಿನ್ಯಾಗ ಬಡಿಯಾಕ ಹತ್ತತದ. ಪ್ಲಾಸ್ಟಿಕ್ ಇಲ್ಲಾ ಹಿತ್ತಾಳಿ ಕೆರೆಪಟ್ಟಿ, ಗ್ಯಾಸ್ಕೆಟ್ ರಿಮೂವರ್, ತಾಳ್ಮಿ, ಇಷ್ಟ ಸಾಕು. ಬೋರಿನ್ಯಾಗ ಅರಿವಿ ತುರುಕಿ, ಎಣ್ಣಿ ತೂತಿಗೆ ಟೇಪ್ ಹಚ್ಚಿ ಕೆರೀರಿ. ಬಾಜೂಕ ಎರಿ ಮಣ್ಣು ಅಂತೀರಿ: ಗಾಳಿ ಬೀಸೂ ಮಧ್ಯಾಹ್ನ ಎಂಜಿನ್ ತೆರದು ಇಡಬ್ಯಾಡ್ರಿ, ನಸಿಕಿನ್ಯಾಗ ನೆಲಕ್ಕ ನೀರು ಚಿಮುಕಿಸಿ ಕೆಲಸಾ ಮಾಡ್ರಿ.

ಬೋಲ್ಟ್: ಹಳೇವು ಹಾಕೂಹಂಗಿಲ್ಲ. ನಡೀತದ ಅಂದವರು ಮತ್ತೊಮ್ಮೆ ಬಿಚ್ಚಾಕ ಬರೂದಿಲ್ಲ. ಹತ್ತೂ ಬೋಲ್ಟ್ ಹಿಗ್ಗೂ ಜಾತಿವು, ಒಮ್ಮೆ ಕೋನದ ಲೆಕ್ಕಕ್ಕ ಬಿಗಿ ಆದವು ಮತ್ತ ಅದ ಒತ್ತು ಕೊಡೂದಿಲ್ಲ. ಟರ್ಬೊ ಎಂಜಿನ್ನಿನ್ಯಾಗ ಬೂಸ್ಟ್ ಬಂದಾಗ ಹೆಡ್ ಎತ್ತತದ, ಅದ ಗ್ಯಾಸ್ಕೆಟ್ ಮತ್ತ ಸುಡತದ.

ಸಪ್ತಾಪುರ_20ವಿ

ಲೇತ್ ಅವರು ಹೇಳಿದ್ದಕ್ಕೆ ಜೋಡಣೆಯ ಕ್ರಮ ಸೇರಿಸುತ್ತೇನೆ. ಎಂಜಿನ್ ಕೆಳಗಿಳಿಸುವ ಅಗತ್ಯವಿಲ್ಲ. ಆದರೆ ಟೈಮಿಂಗ್ ಬೆಲ್ಟಿಗಾಗಿ ಬಲಗಡೆಯ ಎಂಜಿನ್ ಮೌಂಟ್ ತೆಗೆಯಲೇಬೇಕು; ಆಗ ಸಂಪಿನ (ಎಂಜಿನ್ ತಳದ ಎಣ್ಣೆ ತಟ್ಟೆಯ) ಕೆಳಗೆ ಅಗಲವಾದ ಮರದ ತುಂಡು ಇಟ್ಟು ಜಾಕ್ ಕೊಡಿ. ಆ ಮೌಂಟಿನ ಬೋಲ್ಟುಗಳೂ ಹಿಗ್ಗುವವೇ, ಹೊಸವು ತನ್ನಿ. ಟೈಲ್ಸ್ ಮೇಲೆ ಜಾಕ್ ಸ್ಟ್ಯಾಂಡ್ ನೇರವಾಗಿ ಇಟ್ಟರೆ ಟೈಲ್ ಒಡೆದು ಸ್ಟ್ಯಾಂಡ್ ವಾಲುತ್ತದೆ. ಪ್ರತಿ ಕಾಲಿನಡಿ 18 ಮಿಮೀ ಪ್ಲೈವುಡ್ ಹಾಕಿ. ಹಿಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡಗಟ್ಟೆ.

ಹೆಡ್ ಕೂರಿಸುವ ಮೊದಲು ಬೋಲ್ಟಿನ ಹತ್ತೂ ತೂತುಗಳನ್ನು ಸಿರಿಂಜಿನಿಂದ ಹೀರಿ, ಗಾಳಿ ಹೊಡೆದು ಒಣಗಿಸಿ. ತಳದಲ್ಲಿ ಎರಡು ಚಮಚ ಕೂಲಂಟ್ ಉಳಿದರೂ ಬೋಲ್ಟ್ ಇಳಿಯುವಾಗ ಅದಕ್ಕೆ ಹೋಗಲು ಜಾಗವಿಲ್ಲ. ಟಾರ್ಕ್ ಪಾನಾ ಕ್ಲಿಕ್ ಅನ್ನುತ್ತದೆ, ಹೆಡ್ ಬಿಗಿಯಾಗಿರುವುದಿಲ್ಲ. ಇನ್ನೂ ಒತ್ತಿದರೆ ಬ್ಲಾಕ್ ಸೀಳುತ್ತದೆ. ಕ್ರ್ಯಾಂಕನ್ನು ಟಿಡಿಸಿಯಿಂದ (ಪಿಸ್ಟನ್ ಮೇಲ್ತುದಿಗೆ ಬರುವ ಸ್ಥಾನದಿಂದ) ತುಸು ಹಿಂದಕ್ಕೆ ತಿರುಗಿಸಿ, ಯಾವ ಪಿಸ್ಟನ್ನೂ ತುದಿಯಲ್ಲಿ ಇರದಂತೆ ನೋಡಿಕೊಳ್ಳಿ. ಗ್ಯಾಸ್ಕೆಟ್ಟಿನ ಪಾರ್ಟ್ ನಂಬರ್ ಇರುವ ಮುಖ ಮೇಲೆ ಬರಬೇಕು. ಗ್ಯಾಸ್ಕೆಟ್ಟಿಗೆ ಯಾವ ಸೀಲಂಟೂ ಬೇಡ.

ಬಿಗಿಯುವುದು ನಡುವಿನಿಂದ ಹೊರಕ್ಕೆ: ಮೊದಲ ಸುತ್ತು 40 ಎನ್‌ಎಂ (ನ್ಯೂಟನ್ ಮೀಟರ್), ಎರಡನೆಯದು 90 ಡಿಗ್ರಿ, ಮೂರನೆಯದು ಮತ್ತೆ 90 ಡಿಗ್ರಿ. ಪ್ರತಿ ಸುತ್ತನ್ನೂ ಹತ್ತು ಬೋಲ್ಟಿಗೆ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಿ. ಬೋಲ್ಟಿನ ತಲೆಗೆ ಬಿಳಿ ಬಣ್ಣದ ಚುಕ್ಕಿ ಇಟ್ಟರೆ ಯಾವುದು ತಿರುಗಿದೆ, ಯಾವುದು ಉಳಿದಿದೆ ಎಂಬ ಅನುಮಾನವಿರುವುದಿಲ್ಲ. 10 ಮಿಮೀ ಪಾಲಿಡ್ರೈವ್ ಬಿಟ್ ಒಳ್ಳೆಯದೇ ತನ್ನಿ, ಅಗ್ಗದ್ದು ಬೋಲ್ಟಿನೊಳಗೇ ತಿರುಚಿಕೊಳ್ಳುತ್ತದೆ.

ಇನ್ನು ಕ್ಯಾಮ್. ಜನ ಹೆಚ್ಚಾಗಿ ಎಡವುವುದು ಇಲ್ಲೇ. ಈ ಎಂಜಿನ್ನಿನಲ್ಲಿ ಬೆಲ್ಟ್ ತಿರುಗಿಸುವುದು ಒಂದೇ ಕ್ಯಾಮನ್ನು. ಎರಡನ್ನೂ ಜೋಡಿಸುವುದು ಇನ್ನೊಂದು ತುದಿಯ ಚಿಕ್ಕ ಚೈನು. ಎರಡೂ ಕ್ಯಾಮಿನ ಕಚ್ಚುಗಳು ಬೇರಿಂಗ್ ಕ್ಯಾಪಿನ ಬಾಣಗಳ ಎದುರು ಬಂದಾಗ, ಕಚ್ಚಿನಿಂದ ಕಚ್ಚಿಗೆ ಚೈನಿನ 16 ರೋಲರ್ ಇರಬೇಕು. 15 ಅಲ್ಲ, 17 ಅಲ್ಲ. ಎಕ್ಸಾಸ್ಟ್ ಕ್ಯಾಮಿನ ಕಚ್ಚು ಮೊದಲ ರೋಲರಿಗಿಂತ ಸ್ವಲ್ಪ ಒಳಗೆ ಸರಿದಂತೆ ಕಾಣುತ್ತದೆ, ಅದು ಇರುವುದೇ ಹಾಗೆ; ತಪ್ಪೆಂದು ಒಂದು ಹಲ್ಲು ಜರುಗಿಸಬೇಡಿ. ಚೈನ್ ಟೆನ್ಷನರಿನ ಗ್ಯಾಸ್ಕೆಟ್, ಅರ್ಧಚಂದ್ರ ರಬ್ಬರ್ ಎರಡನ್ನೂ ಈಗಲೇ ಬದಲಿಸಿ. ಎಣ್ಣೆ ಸೋರಿ ಬಿಸಿ ಎಕ್ಸಾಸ್ಟಿನ ಕಡೆ ಇಳಿಯುವುದು ಅಲ್ಲಿಂದಲೇ. ಕ್ಯಾಪುಗಳು ತಮ್ಮ ನಂಬರಿನ ಜಾಗಕ್ಕೇ ಹೋಗಬೇಕು. ಎಲ್ಲವನ್ನೂ ಅರ್ಧರ್ಧ ಸುತ್ತಿನಂತೆ ಸಮವಾಗಿ ಇಳಿಸಿ, ಕೊನೆಗೆ 10 ಎನ್‌ಎಂ. ಒಂದೇ ಕಡೆ ಮೊದಲು ಬಿಗಿದರೆ ಕ್ಯಾಮ್ ಮುರಿಯುತ್ತದೆ. ಇಂಥ ಬಿಗಿತಕ್ಕೆ 5ರಿಂದ 25 ಎನ್‌ಎಂನ ಸಣ್ಣ ಟಾರ್ಕ್ ಪಾನಾ ಬೇಕು. 200ರ ದೊಡ್ಡ ಪಾನಾದಲ್ಲಿ 10 ಎನ್‌ಎಂ ನಂಬಲಾಗದು.

ಕ್ಯಾಮ್ ಹಾಕಿದ ಮೇಲೆ ಅರ್ಧ ಗಂಟೆ ಎಂಜಿನ್ ಮುಟ್ಟಬೇಡಿ. ಹೈಡ್ರಾಲಿಕ್ ಟ್ಯಾಪೆಟ್ಟುಗಳು ಉಬ್ಬಿರುತ್ತವೆ, ಎಣ್ಣೆ ಹಿಂಡಿ ಇಳಿಯಲು ಸಮಯ ಬೇಕು. ಆತುರಪಟ್ಟು ತಿರುಗಿಸಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ.

ಬೆಲ್ಟ್, ಟೆನ್ಷನರ್ ರೋಲರ್, ಹೈಡ್ರಾಲಿಕ್ ಡ್ಯಾಂಪರ್, ವಾಟರ್ ಪಂಪ್ ನಾಲ್ಕೂ ಹೊಸವು. ಪಂಪಿನ ರೆಕ್ಕೆಚಕ್ರ ಲೋಹದ್ದಿರಲಿ. ಪ್ಲಾಸ್ಟಿಕ್ಕಿನದು ಹಳತಾದಾಗ ದಂಡದ ಮೇಲೆ ಸಡಿಲಾಗಿ ಸುಮ್ಮನೆ ಜಾರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಡ್ಯಾಂಪರನ್ನು ಎಂ5 ಥ್ರೆಡ್ ಸರಳು ಮತ್ತು ನಟ್ಟಿನಿಂದ ನಿಧಾನಕ್ಕೆ ಒತ್ತಬೇಕು. ವೈಸಿಗೆ ಹಾಕಿ ಒಮ್ಮೆಲೇ ಒತ್ತಿದರೆ ಒಳಗಿನ ಸೀಲ್ ಹೋಗುತ್ತದೆ. ಗುರುತು ಕೂಡಿಸಿದ ಮೇಲೆ ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಕೈಯಿಂದ ಎರಡು ಪೂರ್ತಿ ಸುತ್ತು, ಮತ್ತೆ ಗುರುತು ನೋಡಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ನಿಲ್ಲಿಸಿ, ಬಲ ಹಾಕಬೇಡಿ.

ಸಂಪ್ ಇಳಿಸಿ ಎಣ್ಣೆ ಪಂಪಿನ ಹೀರುಕೊಳವೆಯ ಜರಡಿ ನೋಡುವುದನ್ನು ಬಿಡಬೇಡಿ. ಕಾದ ಎಂಜಿನ್ನಿನ ಎಣ್ಣೆ ಸುಟ್ಟು ಕಪ್ಪು ಹರಳಾಗಿ ಅಲ್ಲಿ ಕೂತಿರುತ್ತದೆ. ಸಂಪ್ ಮರಳಿ ಹಾಕುವಾಗ ಸೀಲಂಟಿನ ಗೆರೆ 2ರಿಂದ 3 ಮಿಮೀ ಸಾಕು. ದಪ್ಪಗೆ ಬಳಿದರೆ ಒಳಗೆ ಹಿಂಡಿದ್ದು ಕಳಚಿ ಅದೇ ಜರಡಿಗೆ ಹೋಗುತ್ತದೆ.

ಉಣಕಲ್_ಟರ್ಬೊ

ಬೋಲ್ಟ್ ಹೊಸಾವು ತರಸ್ತೇನ್ರಿ. ಟರ್ಬೊ ಬಗ್ಗೆನೂ ಹೇಳ್ರಿ. ಶಾಫ್ಟ್ ಕೈಲೆ ಅಳ್ಳಾಡಿಸಿದ್ರ ಅಡ್ಡಕ್ಕ ಸ್ವಲ್ಪ ಆಡತದ, ಹಿಂದ ಮುಂದ ಆಡೂದಿಲ್ಲ.

ಗೋಕುಲರೋಡ್_ಲೇತ್

ಅಡ್ಡ ಆಟ ಸ್ವಲ್ಪ ಇರೂದ. ಬೇರಿಂಗು ಎಣ್ಣಿ ಪದರಿನ ಮ್ಯಾಲೆ ತೇಲೂ ಜಾತಿದು, ಎಣ್ಣಿ ಇಲ್ಲದಾಗ ಆಡತದ. ಅಡ್ಡಕ್ಕ ಒತ್ತಿ ಹಿಡದು ತಿರುಗಿಸಿದಾಗ ರೆಕ್ಕಿ ಗೋಡಿಗೆ ತಾಗಿದ್ರ ಹೋಗೇದ ಅಂತ ತಿಳೀರಿ. ಹಿಂದ ಮುಂದ ಕೈಗೆ ಗೊತ್ತಾಗೂವಷ್ಟು ಆಡಿದ್ರೂ ಹಂಗ. ನಿಮ್ಮದು ಉಳದದ ಅನಸ್ತದ.

ಎಣ್ಣಿ ಬರೂ ಸಣ್ಣ ಪೈಪ್ ಮಾತ್ರ ಹೊಸಾದು ಹಾಕ್ರಿ. ಎಕ್ಸಾಸ್ಟಿನ ಝಳಕ್ಕ ಒಳಗಿನ ಎಣ್ಣಿ ಇದ್ದಲಿ ಆಗಿರತದ, ತಂತಿ ಹಾಕಿ ಎಷ್ಟು ತಿಕ್ಕಿದ್ರೂ ಪೂರಾ ಬರೂದಿಲ್ಲ, ಬಿಟ್ಟುಬಂದ ಚೂರು ನೆಟ್ಟಗ ಬೇರಿಂಗಿಗೆ. ತಾಮ್ರದ ವಾಶರ್ ಎಲ್ಲಾ ಹೊಸಾವು. ಮ್ಯಾನಿಫೋಲ್ಡ್ ನಟ್ ಹೊಸಾವು ಹಾಕಿ 25 ಎನ್‌ಎಂ, ಥ್ರೆಡ್ಡಿಗೆ ಬಿಸಿ ತಡಿಯೂ ಆಂಟಿಸೀಜ್. ಸುರು ಮಾಡೂ ಮೊದಲ ಟರ್ಬೊದ ಎಣ್ಣಿ ಬಾಯಾಗ ಸಿರಿಂಜ್‌ಲೆ ಎಣ್ಣಿ ಬಿಟ್ಟು ಕೈಲೆ ತಿರುಗಿಸ್ರಿ. ಕಾಯಿಲ್, ಇಂಜೆಕ್ಟರ್ ಎರಡರ ಕನೆಕ್ಟರ್ ಕಿತ್ತು 10 ಸೆಕೆಂಡಿನಂಗ ಸ್ಟಾರ್ಟರ್ ಹೊಡೀರಿ, ನಡುವ ಬಿಡುವು ಕೊಡ್ರಿ. ಎಣ್ಣಿ ದೀಪ ಆರಿದ ಮ್ಯಾಲೆ ಕನೆಕ್ಟರ್ ಕೂಡಿಸಿ ಸುರು ಮಾಡ್ರಿ. ಸುರು ಆದ ಕೂಡ್ಲೆ ರೇಸ್ ಕೊಡೂ ಕೈಗೆ ಬುದ್ಧಿ ಹೇಳ್ರಿ.

ಗದಗ_ಬೂಸ್ಟ್

"ಎಲ್ಲಾ ಒಂದ ಸಲಕ್ಕ" ಅಂದದ್ದಕ್ಕ ನನ್ನ ಉತ್ತರ: ಬ್ಯಾಡ್ರಿ. ರೊಕ್ಕದ ಮಾತಲ್ಲ. ಹೊಸಾ ಹೆಡ್, ಹೊಸಾ ಇಂಟರ್‌ಕೂಲರ್, ಹೊಸಾ ಮ್ಯಾಪ್ ಮೂರೂ ಕೂಡಿಸಿ ಸುರು ಮಾಡಿದ್ರ ಗಾಡಿ ತೊದಲಿದಾಗ ಯಾವುದರ ತಪ್ಪು ಅಂತ ಹಿಡಿಯಾಕ ಆಗೂದಿಲ್ಲ. ಕಂಪನಿ ಹೆಂಗ ಕೊಟ್ಟಿತ್ತೋ ಹಂಗ ಕೂಡಿಸ್ರಿ, 150 ಕುದುರೆಶಕ್ತಿ, 210 ಎನ್‌ಎಂ ಮೊದಲ ಬರಲಿ. ಲಾಗ್ (ಓಡಿಸುವಾಗ ಸೆನ್ಸರಿನ ಅಂಕಿ ದಾಖಲೆ) ನೆಟ್ಟಗ ಆದ ಮ್ಯಾಲೆ ಒಂದೊಂದ ಹಚ್ರಿ.

ಕೂಡಿಸಿದ ಮ್ಯಾಲೆ ಮೊದಲ ಕೆಲಸ ಗಾಳಿ ಸೋರಿಕಿ ಪರೀಕ್ಷಾ. ಟರ್ಬೊದ ಬಾಯಿ ಅಳತಿಗೆ ಪಿವಿಸಿ ಮುಚ್ಚಳ ತೊಗೊಂಡು, ಟ್ಯೂಬ್‌ಲೆಸ್ ಟಾಯರಿನ ವಾಲ್ವ್ ಕೂಡಿಸ್ರಿ, ಪಂಪಿಗೆ ರೆಗ್ಯುಲೇಟರ್ ಇರಲಿ. 0.3 ಬಾರ್‌ನಿಂದ ಸುರು ಮಾಡಿ 1 ಬಾರ್ ತನಕ. ಕ್ರ್ಯಾಂಕ್‌ಕೇಸ್ ಗಾಳಿ ಪೈಪ್ ಬಂದ್ ಮಾಡಿರ್ರಿ, ಇಲ್ಲಂದ್ರ ಒತ್ತಡ ಎಂಜಿನ್ ಒಳಗ ಹೊಕ್ಕು ಸೀಲ್ ಹಾರಸ್ತದ. ಆಮ್ಯಾಲೆ ಎಲ್ಲಾ ಕೂಡುವಿಗೆ ಸಬಕಾರ ನೀರು. ಡೈವರ್ಟರ್ ವಾಲ್ವ್, ಬೂಸ್ಟ್ ಹಿಡಿತದಾಗ ಇಡೂ ಎನ್75 ವಾಲ್ವಿನ ಸಣ್ಣ ಪೈಪು, ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗಿನ ಚೆಕ್ ವಾಲ್ವು, ಇವು ಮೂರು ಕಡೆ ನೊರಿ ಏಳೂದು ಹೆಚ್ಚು. ರಬ್ಬರ್ ಮ್ಯಾಲೆ ನುಣ್ಣಗ ಕಂಡ್ರೂ ಕ್ಲಿಪ್ಪಿನ ಕೆಳಗ ಸೀಳಿರತದ.

ಕಂಪ್ರೆಷನ್ ಬಿಸಿ ಎಂಜಿನ್ನಿನ್ಯಾಗ, ಥ್ರಾಟಲ್ ಪೂರಾ ತೆರದು ನೋಡ್ರಿ. ಹೊಸಾದ್ದಕ್ಕ 10ರಿಂದ 13 ಬಾರ್, ಕನಿಷ್ಠ 7, ಒಂದಕ್ಕೊಂದು 3 ಬಾರಿಗಿಂತ ಹೆಚ್ಚು ಫರಕ ಇರಬಾರ್ದು.

ಆಮ್ಯಾಲೆ ವಿಸಿಡಿಎಸ್ (ಇಸಿಯು ಓದೂ ಸಾಫ್ಟ್‌ವೇರ್, ಅದರಾಗ ಅಂಕಿಗಳು ನಂಬರ್ ಹಚ್ಚಿದ ಗ್ರೂಪಿನ್ಯಾಗ ಬರತಾವ) ಹಚ್ಚಿ ಲಾಗ್. ಥ್ರಾಟಲ್ ಅಡಾಪ್ಟೇಶನ್ ಮೊದಲ: ಎಲೆಕ್ಟ್ರಾನಿಕ್ ಥ್ರಾಟಲ್ ಇದ್ರ ಗ್ರೂಪ್ 060, ತಂತಿ ಥ್ರಾಟಲ್ ಇದ್ರ 098. ಕೀಲಿ ತಿರುವಿ ಎಂಜಿನ್ ಸುರು ಮಾಡದ ಗ್ರೂಪ್ 115ರ ಬೂಸ್ಟ್ ಓದ್ರಿ. ಅದು ನಿರಪೇಕ್ಷ ಒತ್ತಡ ತೋರಸ್ತದ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ ಸುಮಾರು 670 ಮೀಟರ್ ಮ್ಯಾಲೆ ಅದ, ಹಂಗಾಗಿ 930 ಮಿಲಿಬಾರ್ ಆಸುಪಾಸು ಬರಬೇಕು, ಧಾರವಾಡದಾಗ ಇನ್ನೊಂದ ಸ್ವಲ್ಪ ಕಡಿಮಿ. 1010 ತೋರಿಸಿದ್ರ ಸೆನ್ಸರ್ ಮ್ಯಾಲೆ ಅನುಮಾನ ಪಡ್ರಿ. ಮುಂದ ಲಾಗಿನ್ಯಾಗ 1900 ಕಂಡ್ರ ಖರೆ ಬೂಸ್ಟ್ 0.97 ಬಾರ್ ಅಂತ ಲೆಕ್ಕ, 0.9 ಅಲ್ಲ. ನಮ್ಮ ಎತ್ತರದಾಗ ಅದ ಅಂಕಿ ಮುಟ್ಟಾಕ ಟರ್ಬೊ ಕರಾವಳಿಯಾಗಿಗಿಂತ ಜೋರು ತಿರುಗಬೇಕು.

ಗ್ರೂಪ್ 032 (ಇಸಿಯು ಪೆಟ್ರೋಲ್ ಎಷ್ಟು ಹೆಚ್ಚು ಕಡಿಮಿ ಮಾಡೇದ ಅನ್ನೂ ಪ್ರತಿಶತ) ನೋಡಿದ್ರ ಅರ್ಧ ರೋಗ ಗೊತ್ತಾಗತದ. ಮೊದಲಿನ ಖಾನೆ ಐಡಲ್‌ದು: ಅದೊಂದ ಪ್ಲಸ್ ಕಡೆ ದೂರ ಹೋಗಿದ್ರ ಥ್ರಾಟಲ್ ಆಚೆ ವ್ಯಾಕ್ಯೂಮ್ ಸೋರಿಕಿ. ಎರಡನೇದು ನಡುವಿನ ಲೋಡಿಂದು: ಅದು ಏರಿದ್ರ ಗಾಳಿ ಅಳಿಯೂ ಮಾಫ್ ಸೆನ್ಸರ್ ದಣದದ, ಇಲ್ಲಾ ಪೆಟ್ರೋಲ್ ಒತ್ತಡ ಕಡಿಮಿ. ಇಲ್ಲೊಂದು ತಿರುವು ಅದ. ಈ ಗಾಡಿ ಇ20 (20 ಪ್ರತಿಶತ ಎಥನಾಲ್ ಬೆರೆಸಿದ ಪೆಟ್ರೋಲ್) ಬರೂ ಮೊದಲಿನ ಕಾಲದ್ದು. ಇ20ಕ್ಕ ಗಾಳಿ-ಇಂಧನದ ಸಮತೂಕ 14.7 ಅಲ್ಲ, ಸುಮಾರು 13.5. ಅದಕ್ಕ ಏನೂ ಸೋರದಿದ್ರೂ ಎರಡನೇ ಖಾನೆ 5ರಿಂದ 8 ಪ್ರತಿಶತ ಪ್ಲಸ್ ಕುಂದರೂದು ಸಹಜ. ಅದನ್ನ ಸೋರಿಕಿ ಅಂತ ಹುಡುಕ್ಕೋತ ಕುಂತ್ರ ದಿನಾ ಹೋಗತದ. ವೈಡ್‌ಬ್ಯಾಂಡ್ ಮೀಟರ್ ಹಾಕಿದ್ರ ಲ್ಯಾಂಬ್ಡಾ (ಸಮತೂಕಕ್ಕ ಹೋಲಿಸಿದ ಅನುಪಾತ) ಅಂಕಿ ಇಟ್ಟುಕೊಳ್ರಿ, ಇಂಧನ ಬದಲಾದ್ರೂ 1 ಅಂದ್ರ 1.

ಹಳೆ ರಬ್ಬರ್ ಪೆಟ್ರೋಲ್ ಪೈಪ್ ಇ20ಕ್ಕ ಉಬ್ಬತಾವ, ಬಿರಿತಾವ. ಎಂಜಿನ್ ಕೋಣ್ಯಾಗಿನವು ಎಲ್ಲಾ ಆರ್9 ದರ್ಜೆಯ ಇಂಜೆಕ್ಷನ್ ಪೈಪಿಗೆ ಬದಲಿಸ್ರಿ. ಗಾಡಿ ತಿಂಗಳಗಟ್ಟಲೆ ನಿಂತದ್ದಾದ್ರ ಟ್ಯಾಂಕಿನ ಪೆಟ್ರೋಲ್ ತಗದುಬಿಡ್ರಿ. ಮಳಿಗಾಲದ ತೇವ ಹೀರಿದ ಎಥನಾಲ್ ನೀರಿನ ಜೋಡಿ ತಳಕ್ಕ ಬೇರೆ ಆಗತದ, ಪಂಪ್ ಎಳಿಯೂದು ಅದನ್ನ.

ಸಪ್ತಾಪುರ_20ವಿ

ಗದಗ ಅವರ ಕ್ರಮ ಸರಿ, ಒಂದರಲ್ಲಿ ಮಾತ್ರ ಒಪ್ಪುವುದಿಲ್ಲ. ಇಂಟರ್‌ಕೂಲರ್ ಮ್ಯಾಪಿಗಿಂತ ಮೊದಲೇ ಬರಲಿ. ಮೂಲದ್ದು ಬಲಗಡೆ ಮುಂದಿನ ಗಾಲಿಯ ಮುಂದೆ ಸಣ್ಣದೊಂದು ಡಬ್ಬಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಎರಡು ಸಲ ಜೋರಾಗಿ ಓಡಿಸಿದರೆ ಅದೇ ಕಾದು ಕೂರುತ್ತದೆ, ಇಸಿಯು ಕಿಡಿ ಹೊಡೆಯುವ ಟೈಮಿಂಗ್ ಹಿಂತೆಗೆಯುತ್ತದೆ. ಮೂಲ ಮ್ಯಾಪಿನಲ್ಲೇ ಹೊಸ ಇಂಟರ್‌ಕೂಲರ್ ಹಾಕಿ ಲಾಗ್ ಮಾಡಿದರೆ ಮ್ಯಾಪ್ ಬರೆಯುವವರಿಗೆ ಸರಿಯಾದ ತಳಹದಿ ಸಿಗುತ್ತದೆ.

ಗದಗ_ಬೂಸ್ಟ್

ಅದಕ್ಕ ನಂದೇನೂ ತಕರಾರಿಲ್ಲ, ಲಾಗ್ ಮೊದಲ ಒಮ್ಮೆ ಆಗಿರಬೇಕು ಅಷ್ಟ. ಮುಂದಿನ ಇಂಟರ್‌ಕೂಲರ್ ಅಂದ್ರ ಹತ್ತಿರ ಹತ್ತಿರ ಎಂಟು ಹೊಸಾ ಕೂಡು. ಪೈಪಿನ ತುದಿಗೆ ಉಬ್ಬು ಅಂಚು ಇಲ್ಲದ ಕಿಟ್ ತೊಗೊಳಬ್ಯಾಡ್ರಿ, ಬೂಸ್ಟಿಗೆ ಸಿಲಿಕೋನ್ ಪೈಪ್ ಜಾರಿ ಹಾರತದ. ಹಾಕಿದ ಮ್ಯಾಲೆ ಸಬಕಾರ ನೀರಿನ ಪರೀಕ್ಷಾ ಮತ್ತ ಮಾಡ್ರಿ.

ಫೋರ್ಜ್ಡ್ ರಾಡ್ ಈಗ ಬ್ಯಾಡ. ಕಂಪನಿ ಟರ್ಬೊ ಮ್ಯಾಲೆ ಸ್ಟೇಜ್ 1 ಅಂದ್ರ ಸುಮಾರು 180ರಿಂದ 190 ಕುದುರೆಶಕ್ತಿ, 270–290 ಎನ್‌ಎಂ. ಅಷ್ಟು ಮೂಲ ರಾಡ್ ತಡೀತಾವ. ರಾಡ್ ಬಗ್ಗೂದು ಆರ್‌ಪಿಎಮ್‌ಗಲ್ಲ, 3000ದ ಹತ್ರ ಒಮ್ಮೆಲೆ ಬರೂ ಟಾರ್ಕಿಗೆ. ದೊಡ್ಡ ಟರ್ಬೊ ಹಾಕೂ ದಿನಾ ಬಂದ್ರ ಆಗ ನೋಡ್ರಿ. ಮೊದಲ ಸೋಲೂದು ಕ್ಲಚ್: 4ನೇ ಗೇರಿನ್ಯಾಗ 2500ರಿಂದ ಪೂರಾ ಒತ್ತಿದಾಗ ಸ್ಪೀಡ್ ಏರದ ಆರ್‌ಪಿಎಂ ಅಷ್ಟ ಏರಿದ್ರ ಕ್ಲಚ್ ಜಾರಾಕ ಹತ್ತೇದ. ಗೇರ್‌ಬಾಕ್ಸಿಗೆ 75ಡಬ್ಲ್ಯೂ-90, ಜಿಎಲ್-4, ಸುಮಾರು 2 ಲೀಟರ್. ಎಲ್ಲಾ ಕಡೆ ಸಿಗೂ ಜಿಎಲ್-5 ಹಾಕಿದ್ರ ಹಿತ್ತಾಳಿ ಸಿಂಕ್ರೊಗೆ ಒಳ್ಳೇದಲ್ಲ.

ಮ್ಯಾಪ್ ಬರಸೂ ಮುಂದ ನೀವು ದಿನಾ ಹಾಕೂ ಪೆಟ್ರೋಲಿನ ಆಕ್ಟೇನ್ ಬಾಯಿಬಿಟ್ಟು ಹೇಳ್ರಿ. ಎಕ್ಸ್‌ಪಿ95ಕ್ಕ (95 ಆಕ್ಟೇನ್ ಪೆಟ್ರೋಲ್) ಬರದ ಮ್ಯಾಪಿನ್ಯಾಗ ಹಳ್ಳಿ ಬಂಕಿನ ಕಡಿಮಿ ಆಕ್ಟೇನ್ ಹಾಕಿದ್ರ ನಾಕಿಂಗ್, ಅಂದ್ರ ಸಿಲಿಂಡರಿನ್ಯಾಗ ಪೆಟ್ರೋಲ್ ತಾನ ಸಿಡಿಯೂದು. ಗ್ರೂಪ್ 020 ನಾಲ್ಕೂ ಸಿಲಿಂಡರಿನ ಟೈಮಿಂಗ್ ಹಿಂತೆಗೆತ ತೋರಸ್ತದ. 0ಯಿಂದ 3 ಡಿಗ್ರಿ ಇದ್ರ ಚಿಂತಿಲ್ಲ. 6 ದಾಟಿದ್ರ ಕಾಲು ತೆಗೀರಿ. ಒಂದ ಸಿಲಿಂಡರ್ ಅಷ್ಟ ಹೆಚ್ಚು ತೋರಿಸಿದ್ರ ಮ್ಯಾಪಿಗಿಂತ ಮೊದಲ ಅದರ ಪ್ಲಗ್, ಇಂಜೆಕ್ಟರ್ ನೋಡ್ರಿ. ಪ್ಲಗ್ ಒಂದು ದರ್ಜೆ ತಣ್ಣಗಿನದು, ಸಂದು 0.7 ಮಿಮೀ. ಲಾಗಿಗೆ 3ನೇ ಗೇರಿನ್ಯಾಗ 2000ದಿಂದ 4500 ಸಾಕು, ವೇಗ ನೂರರ ಒಳಗ ಇರತದ, ಬೂಸ್ಟಿನ ಗುಡ್ಡದ ತುದಿನೂ ಅಷ್ಟರಾಗ ಕಾಣತದ. ಪೂರಾ 6500 ನೋಡಬೇಕಾದ್ರ ಡೈನೊಕ್ಕ ಒಯ್ರಿ. ಬೈಪಾಸಿನ ಲಾರಿಗಳ ನಡುವ ಮಾಡೂ ಕೆಲಸ ಅಲ್ಲ ಅದು.

ಹಾವೇರಿ_ಆರ್‌ಸಿ

ಕಾಗದದ ಕಡೆ ಎರಡು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ನಮೂದಾದ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಸೆರೆ, ಅಥವಾ ಎರಡೂ. ಈ ವಯಸ್ಸಿನ ಗಾಡಿಗೆ 15 ವರ್ಷ ಮುಗಿದ ಮೇಲೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣವಿದೆ, ಆಗ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸಲೇಬೇಕು. 3 ಇಂಚಿನ ಡೌನ್‌ಪೈಪಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದಿದ್ದರೆ ಹೊಗೆ ಪರೀಕ್ಷೆಯೂ ದಾಟದು. ಮೂಲ ಡೌನ್‌ಪೈಪ್, ಇಂಟರ್‌ಕೂಲರ್ ಮಾರಬೇಡಿ. ಮಾಡಿಸಿದ್ದನ್ನು ವಿಮೆಯವರಿಗೆ ಬರೆದು ತಿಳಿಸಿ.

ಉಣಕಲ್_ಟರ್ಬೊ

ಡೌನ್‌ಪೈಪ್ ಸದ್ಯ ಬಿಟ್ಟೆ. ಕೊನೇದು: ಕೂಲಂಟ್ ಯಾವುದು, ಗಾಳಿ ಹೆಂಗ ತಗಿಯೂದು?

ಸಪ್ತಾಪುರ_20ವಿ

ಜಿ12 ಜಾತಿಯ ಗುಲಾಬಿ ಕೂಲಂಟ್ ಅಥವಾ ಅದರ ನಂತರದ ಜಿ13, ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ನೀರು. ನಳದ ಗಡಸು ನೀರು ಬೇಡ. ಹಳೆಯ ಹಸಿರು ಕೂಲಂಟ್ ಒಳಗೆ ಉಳಿದಿದ್ದರೆ ಮೊದಲು ನೀರಿನಿಂದ ಪೂರ್ತಿ ತೊಳೆಯಿರಿ, ಎರಡೂ ಬೆರೆತರೆ ಕೆಸರಾಗುತ್ತದೆ. ಹೆಡ್ಡಿನ ಪಕ್ಕದ ಪ್ಲಾಸ್ಟಿಕ್ ಕೂಲಂಟ್ ಫ್ಲ್ಯಾಂಜ್ ಮತ್ತು ಅದರ ಓ-ರಿಂಗ್ ಈಗಲೇ ಹೊಸದು ಹಾಕಿ. ಹೆಡ್ ಕಾಯಲು ಕಾರಣವಾದ ಸೋರಿಕೆ ಅಲ್ಲಿಯದೇ ಆಗಿರುವ ಸಾಧ್ಯತೆ ಹೆಚ್ಚು, ಮೊದಲು ಅದನ್ನೇ ನೋಡಿ. ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ತುಂಬಿ. ಫೈರ್‌ವಾಲಿನ ಹತ್ತಿರದ ಹೀಟರ್ ಪೈಪನ್ನು ಅರ್ಧ ಹಿಂದಕ್ಕೆ ಎಳೆದರೆ ಗಾಳಿ ಬಿಡುವ ಸಣ್ಣ ತೂತು ಕಾಣುತ್ತದೆ. ಅಲ್ಲಿಂದ ಗುಳ್ಳೆಯಿಲ್ಲದೆ ಕೂಲಂಟ್ ಬಂದಾಗ ಪೈಪ್ ಒತ್ತಿ ಕ್ಲಿಪ್ ಹಾಕಿ. ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಐಡಲ್‌ನಲ್ಲಿ ಬಿಡಿ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಮಟ್ಟ ನೋಡಿ, ಇಳಿದಿದ್ದರೆ ತುಂಬಿ. ಮೂರನೆಯ ದಿನವೂ ಇಳಿದರೆ ಹುಡುಕಿ.